ಬೆಣ್ಣೆ ವ್ಯಾನಿನ ಉತ್ತರ ಭಾಗ

ಸಿದ್ದರಾಮು: ನಿಲ್ಸು! ಆ ಮಿಷನ್ ನಿಲ್ಸು ಮಹದೇವಸ್ವಾಮಿ! ವ್ಯಾನಿನ ಮೈಗೆ ಬ್ಲೇಡು ತಾಗಿದ್ರೆ ನಾನೇ ಅಡ್ಡ ಮನಿಕ್ಕತೀನಿ!

ಚಿಕ್ಕಸ್ವಾಮಿ: ಮನಿಕ್ಕಳ್ಳಿ ಬುಡು. ನೀನು ಕುಯ್ಯಪ್ಪ. ನನ್ನ ಭಾಗಕ್ಕೆ ನಾನು ಕಿಟಕಿ ಮಡಗಿಸ್ಕತೀನಿ, ಕೇಳಕೆ ಇವನ್ಯಾವೋನು?

ಸಿದ್ದರಾಮು: ನಿನ್ ತಮ್ಮ!

ಚಿಕ್ಕಸ್ವಾಮಿ: ತಮ್ಮ ಆಗಿದ್ದು ಪಾಲಾಗೋಗಂಟ ಕಣ್ಲಾ. ಪಾಲಾದ್ಮೇಲೆ ಪಕ್ಕದ ಜಮೀನ್ನೋನು.

ಪಾಂಡವಪುರದ ಸ್ಟೇಷನ್ ರಸ್ತೆಯ ಟಿಂಕರಿಂಗ್ ಶೆಡ್ಡಿನಲ್ಲಿ ಬೆಳಗ್ಗೆ ಹತ್ತು ಗಂಟೆಗೇ ಈ ರಾಮಾಯಣ. ಶೆಡ್ಡಿನ ಯಜಮಾನ ಮಹದೇವಸ್ವಾಮಿ ತಗಡು ಕುಯ್ಯುವ ಮಿಷನ್ನಿನ ಗುಂಡಿ ಒತ್ತುವುದು, ಬಿಡುವುದು, ಒತ್ತುವುದು, ಬಿಡುವುದು ಮಾಡುತ್ತ ನಿಂತಿದ್ದ. ನಡುವೆ ನಿಂತಿದ್ದುದು ಬೆಣ್ಣೆ ವ್ಯಾನು. ಅಣ್ಣತಮ್ಮಂದಿರ ಅಪ್ಪ ಅಂದಾನಯ್ಯ ಅರವತ್ತು ವರ್ಷದ ಹಿಂದೆ ಮೈಸೂರಿನ ಹರಾಜಿನಲ್ಲಿ ಹಿಡಿದು ತಂದ ಗಾಡಿ. ಗುಂಡು ಮೂತಿ, ಮುಂದೆ ಎರಡು ಸೀಟು, ಅದರ ಬೆನ್ನಿಗೆ ಹಲಗೆಯ ಗೋಡೆ, ಗೋಡೆಯಾಚೆ ಸುತ್ತಲೂ ತಗಡು ಹೊದ್ದ ಕತ್ತಲೆ ಕೋಣೆ. ಬೆಣ್ಣೆ ವ್ಯಾಪಾರಕ್ಕೆ ಬೇಕಾಗಿದ್ದೂ ಅದೇ. 'ಬೆಳಕು ಬಂದ್ರೆ ಬಿಸಿಲು ಬತ್ತದೆ, ಬಿಸಿಲು ಬಂದ್ರೆ ಬೆಣ್ಣೆ ಕರಗ್ತದೆ' ಎನ್ನುವುದು ಅಂದಾನಯ್ಯ ಬದುಕಿರುವವರೆಗೂ ಹೇಳಿದ ಒಂದೇ ವೇದಾಂತ. ಎರಡೂ ಪಕ್ಕದ ತಗಡಿನ ಮೇಲೆ ಹಳದಿ ಬಣ್ಣದಲ್ಲಿ 'ಅಂದಾನಯ್ಯ ಬೆಣ್ಣೆ' ಎಂದು ಬರೆಸಿದ್ದ. ಅವನು ಹೋಗಿ ಹನ್ನೊಂದು ವರ್ಷವಾಯಿತು, ಹೆಸರಿನ ಬಣ್ಣ ಇನ್ನೂ ಮಾಸಿಲ್ಲ.

ಎಡಗಡೆಯ ತಗಡಿನ ಮೇಲೆ ಈಗ ಸೀಮೆಸುಣ್ಣದಲ್ಲಿ ಎರಡು ಗುರುತು ಬಿದ್ದಿದ್ದವು. ಒಂದು 'ಅಂದಾ'ದ ಮೇಲೆ, ಇನ್ನೊಂದು 'ಬೆಣ್ಣೆ'ಯ ಮೇಲೆ.

ಸಿದ್ದರಾಮು: ಅಪ್ಪನ ಹೆಸರು ಕುಯ್ಸ್ತೀಯಲ್ಲಣ್ಣ, ನಿನ್ ಕೈಯಾದ್ರೂ ಎಂಗೆ ಬತ್ತದೆ?

ಚಿಕ್ಕಸ್ವಾಮಿ: ಪೂರ್ತಿ ಎಲ್ಲಿ ಕುಯ್ಸ್ತೀನಿ? ನಡೂಕೆ 'ನಯ್ಯ' ಉಳೀತದೆ. ಆ ಕಡೆ ನಿನ್ ಭಾಗದಲ್ಲಿ ಅಪ್ಪ ಪೂರ್ತಿ ಇರ್ತಾನಲ್ಲ, ಮಡಿಕ್ಕೊ.

ಸಿದ್ದರಾಮು: ಅದಿರ್ಲಿ, ಇದೇನು ಆಕಾರ? ಕಿಟಕಿ ಅಂದ್ರೆ ಚೌಕ ಇರ್ತದೆ. ಇದು ಮೇಲೆ ಉಬ್ಕಂಡು ಕೆಳಗೆ ಚೂಪಾಗದೆ?

ಚಿಕ್ಕಸ್ವಾಮಿ: ಅರಳಿ ಎಲೆ ಕಣ್ಲಾ. ಅವ್ವಂಗೆ ಅರಳೀಮರ ಅಂದ್ರೆ ಭಕ್ತಿ.

ಸಿದ್ದರಾಮು: ಅರಳಿ ಎಲೆಗೆ ಬಾಲ ಇರ್ತದೆ. ಇದ್ಕೆ ಬಾಲ ಎಲ್ಲಿ?

ಮಹದೇವಸ್ವಾಮಿ: ಬಾಲಕ್ಕೆ ಬ್ಲೇಡು ತಿರುಗಾಕಿಲ್ಲ ಅಂತ ನಾನೇ ಬ್ಯಾಡ ಅಂದೆ ಕಣಪ್ಪ. ಈಗ ಕುಯ್ಯಲೋ, ಬುಡ್ಲೋ? ಬೆರಳು ನೋಯ್ತದೆ.

ಚಿಕ್ಕಸ್ವಾಮಿ ಗಂಟಲು ಸರಿಮಾಡಿಕೊಂಡ. ಊರಲ್ಲಿ ನಾಲ್ಕು ಜನರಿಗೆ ಹೇಳಿ ಹೇಳಿ ಚೆನ್ನಾಗಿ ರೂಢಿಯಾಗಿದ್ದ ಮಾತು ಅವನ ಬಾಯಿಗೆ ಸಲೀಸಾಗಿ ಬಂತು. ಹೇಳುವಾಗ ಕಣ್ಣಂಚಿನಲ್ಲಿ ನೀರೂ ಬರುತ್ತಿತ್ತು, ಅದೇನು ಸುಳ್ಳು ನೀರಲ್ಲ.

ಚಿಕ್ಕಸ್ವಾಮಿ: ನೋಡು ಮಹದೇವಸ್ವಾಮಿ, ನಮ್ಮವ್ವ ಹೊಸಹೊಳಲಿಂದ ಮದುವೆಯಾಗಿ ಬಂದಿದ್ದು ಈ ವ್ಯಾನಿನ ಇಂದ್ಗಡೆ. ಬಾಸಿಂಗ ಕಟ್ಕಂಡು, ಕತ್ಲಲ್ಲಿ, ಬೆಣ್ಣೆ ಮಡಕೆ ಮದ್ದೆ. ಆಮೇಲೆ ಮೂವತ್ತು ವರ್ಸ ಸಂತೆಗೆ ಓಡಾಡಿದ್ದೂ ಇಂದ್ಗಡೇನೆ. ಒಂದು ದಿನ ರಸ್ತೆ ನೋಡ್ನಿಲ್ಲ. ಈಗ ನಮ್ಮ ಮಾಯಮ್ಮ ಚಿಕ್ಕವ್ವಂಗೆ ಕಾಲು ಬಿದ್ದೋಗದೆ, ಹೊಸಹೊಳಲು ಬುಟ್ಟು ಬರಂಗಿಲ್ಲ. ಅವ್ವ ಏನಂದ್ಲು ಗೊತ್ತಾ? ಕತ್ಲಲ್ಲಿ ಬಂದ ದಾರೀನ ಅದೇ ವ್ಯಾನಲ್ಲಿ ಕಣ್ತುಂಬ ನೋಡ್ಕಂಡು ತಂಗಿ ಮನೆಗೆ ಓಗ್ಬೇಕು ಕಣ್ಲಾ, ಸಾಯೋದ್ರೊಳಗೆ ಅದೊಂದು ಆಸೆ ಅಂದ್ಲು. ಇವತ್ತು ಕರ್ಕಂಡೋಗ್ತೀನಿ ಅಂತ ಮಾತು ಕೊಟ್ಟಿವ್ನಿ. ಸೀರೆ ಉಟ್ಕಂಡು ಜಗಲಿ ಮೇಲೆ ಕುಂತವ್ಳೆ.

ಸಿದ್ದರಾಮು: ಅವ್ವನ ಆಸೆಗೆ ನಾನು ಅಡ್ಡ ಬಂದೆ ಅಂತ ಏಳ್ಬ್ಯಾಡ. ಅವ್ವ ನಂಗೂ ಅವ್ವ. ಜನವರಿಯಿಂದ ಜೂನ್‌ಗಂಟ ನನ್ನ ಅವ್ವ.

ಚಿಕ್ಕಸ್ವಾಮಿ: ಇದು ಡಿಸೆಂಬರು. ಈಗ ನನ್ನವ್ವ. ಬಾಯ್ಮುಚ್ಚು.

ಸಿದ್ದರಾಮು: ಅಂಗಾರೆ ಜನವರೀಲಿ ಅವ್ವ ನನ್ನ ಕಡೆ ಬಂದಾಗ ಎಲ್ಲಿ ಕುಂತ್ಕಬೇಕು? ನನ್ನ ಭಾಗ್ದಲ್ಲಿ ಕಿಟಕಿ ಇಲ್ಲ. ಕತ್ಲಲ್ಲಿ ಕುಂತು ಎದುರ್ಗಡೆ ನಿನ್ ಕಿಟಕಿ ನೋಡ್ಬೇಕಾ? ಬೇಕಂತಲೇ ನನ್ನ ಮರ್ವಾದೆ ತೆಗಿಯಕೆ ಮಾಡ್ತಿದ್ದೀಯ. ಇನ್ನೊಂದು ಕೇಳು, ನೀನು ಕುಯ್ಸಿದ್ರೆ ಅದ್ರ ಬೆಳಕು ನನ್ನ ಭಾಗಕ್ಕೆ ಬೀಳ್ತದೆ.

ಚಿಕ್ಕಸ್ವಾಮಿ: ಬೀಳ್ಳಿ. ಪುಕ್ಸಟ್ಟೆ ಬೆಳಕು, ಬ್ಯಾಡ್ವಾ?

ಸಿದ್ದರಾಮು: ಪುಕ್ಸಟ್ಟೆ ಕೊಟ್ಟು ನಾಳೆ ಹಕ್ಕು ಅಂತೀಯ. ಬದ ಒತ್ತುವರಿ ಮಾಡ್ದಾಗ್ಲೂ ಇಂಗೇ ಅಂದಿದ್ದೆ. ಒಂದು ಸಾಲು ರಾಗಿ ಅಷ್ಟೇ ಕಣ್ಲಾ, ಅಂತ.

ಬದುವಿನ ಮಾತು ಬಂದದ್ದೇ ಚಿಕ್ಕಸ್ವಾಮಿಗೆ ಮೈ ಉರಿಯಿತು. ಅವನು ಬಾಯಿ ತೆರೆಯುವುದರೊಳಗೆ ತಮ್ಮ ಅಂಗಿಯೊಳಗಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಪಾಲುಪಟ್ಟಿ ಹೊರಗೆ ತೆಗೆದಿದ್ದ. ಸಿದ್ದರಾಮು ಡೈರಿಗೆ ಹಾಲು ಹಾಕಲು ಹೋಗುವಾಗಲೂ ಇದನ್ನು ಬಿಟ್ಟು ಹೋಗುವ ಆಸಾಮಿಯಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೋರ್ಟಿನ ಗುಮಾಸ್ತನ ದನಿಯಲ್ಲಿ ಓದಿದ.

ಸಿದ್ದರಾಮು: "ಷೆಡ್ಯೂಲ್ ಡಿ ಸ್ವತ್ತು. ಮೃತ ಅಂದಾನಯ್ಯನವರ ಬೆಣ್ಣೆ ವ್ಯಾನು ಒಂದು. ಸದರಿ ವ್ಯಾನಿನ ಉತ್ತರ ಭಾಗವು ಹಿರಿಯ ಮಗ ಚಿಕ್ಕಸ್ವಾಮಿಗೂ, ದಕ್ಷಿಣ ಭಾಗವು ಕಿರಿಯ ಮಗ ಸಿದ್ದರಾಮುವಿಗೂ ಸೇರತಕ್ಕದ್ದು. ಚೆಕ್ಕುಬಂದಿ: ಪೂರ್ವಕ್ಕೆ ಕೊಟ್ಟಿಗೆ ಬಾಗಿಲು, ಪಶ್ಚಿಮಕ್ಕೆ ಹುಲ್ಲಿನ ಮೆದೆ, ಉತ್ತರಕ್ಕೆ ಬಚ್ಚಲು, ದಕ್ಷಿಣಕ್ಕೆ ಎಮ್ಮೆ ಕಟ್ಟುವ ಗೂಟ."

ಮಹದೇವಸ್ವಾಮಿ: ವ್ಯಾನಿಗೆ ಚೆಕ್ಕುಬಂದೀನಾ?

ಸಿದ್ದರಾಮು: ಪತ್ರ ಬರೆಯೋರು ನಲವತ್ತು ವರ್ಸದಿಂದ ಜಮೀನು ಬರ್ದೋರು ಕಣಪ್ಪ. ಚೆಕ್ಕುಬಂದಿ ಇಲ್ದೆ ಅವ್ರ ಪೆನ್ನು ಮುಂದಕ್ಕೇ ಓಗಾಕಿಲ್ಲ.

ನಿಜ. ಪಾಲಿನ ದಿನ ವ್ಯಾನು ಕೊಟ್ಟಿಗೆಯಲ್ಲಿ ಮೂಡಲಿಗೆ ಮುಖ ಮಾಡಿ ನಿಂತಿತ್ತು. ಎಡಗಡೆ ಉತ್ತರ, ಬಲಗಡೆ ದಕ್ಷಿಣ. ಏಳು ಜನ ಹಿರಿಯರು ಚಾಪೆಯ ಮೇಲೆ ಕೂತು ಒಂದು ಕಟ್ಟು ವೀಳ್ಯದೆಲೆ ಮುಗಿಸಿದರು, ಒಬ್ಬರಿಗಾದರೂ ಈ ಸ್ವತ್ತಿಗೆ ಚಕ್ರ ಇದೆ ಎಂಬುದು ಹೊಳೆಯಲಿಲ್ಲ. ಅಂದಿನಿಂದ ವ್ಯಾನಿನ ಕೀಲಿಕೈ ಅಣ್ಣನ ಹತ್ತಿರ, ಬಲಗಡೆ ಇದ್ದ ಸ್ಟೀರಿಂಗು ತಮ್ಮನಿಗೆ. ಪ್ರತಿ ಅಮಾವಾಸ್ಯೆಯ ಪೂಜೆಗೆ ಅಣ್ಣ ಕೀಲಿ ತರುತ್ತಿದ್ದ, ತಮ್ಮ ಸ್ಟೀರಿಂಗಿಗೆ ಕೂರುತ್ತಿದ್ದ, ಎಂಜಿನ್ನು ಹತ್ತು ನಿಮಿಷ ಗುಡುಗಿ ನಿಲ್ಲುತ್ತಿತ್ತು, ಇಬ್ಬರೂ ಮಾತಿಲ್ಲದೆ ಮನೆಗೆ ಹೋಗುತ್ತಿದ್ದರು. ಇವತ್ತು ತಮ್ಮ ಡೈರಿಗೆ ಹೋದ ಹೊತ್ತು ನೋಡಿ ಚಿಕ್ಕಸ್ವಾಮಿ ಮುಂದಿನ ಚಕ್ರ ಎತ್ತಿ ಕಟ್ಟಿಸಿ, ಟ್ರಾಕ್ಟರಿನಲ್ಲಿ ಎಳೆಸಿ ಶೆಡ್ಡಿಗೆ ತಂದಿದ್ದ. ಸ್ಟೀರಿಂಗು ಮುಟ್ಟಿಲ್ಲ ನೋಡಿ. ಎಂಥ ಜಗಳದಲ್ಲೂ ಪತ್ರದ ಮರ್ಯಾದೆ ಮೀರದ ಮನೆತನ.

ಸಿದ್ದರಾಮು: ಈಗ ಒಂದು ಮಾತು ಏಳು ಮಹದೇವಸ್ವಾಮಿ. ನಿನ್ನ ಶೆಡ್ಡಲ್ಲಿ ವ್ಯಾನಿನ ಮುಖ ಎತ್ತಗದೆ?

ಮಹದೇವಸ್ವಾಮಿ: ಪಡುವಲಕ್ಕೆ.

ಸಿದ್ದರಾಮು: ಅಂಗಾರೆ ಉತ್ತರ ಯಾವ ಕಡೆ ಬಂತು?

ಮಹದೇವಸ್ವಾಮಿ: ಬಲಗಡೆ. ಸ್ಟೀರಿಂಗ್ ಕಡೆ.

ಸಿದ್ದರಾಮು: ಅಣ್ಣ ಕುಯ್ಯಕೆ ಗುರುತು ಮಾಡಿರೋದು?

ಮಹದೇವಸ್ವಾಮಿ: ಎಡಗಡೆ. ಅದು... ದಕ್ಷಿಣ. ಅಯ್ಯೋ ಶಿವನೆ.

ಸಿದ್ದರಾಮು: ದಕ್ಷಿಣ ಯಾರ್ದು ಅಂತ ಪತ್ರ ಏಳ್ತದೆ. ಅಣ್ಣ, ನನ್ನ ಭಾಗಕ್ಕೆ ಬ್ಲೇಡು ಇಟ್ರೆ ನಾಳೆ ಸ್ಟೇ ತತ್ತೀನಿ.

ಚಿಕ್ಕಸ್ವಾಮಿಯೂ ಅಂದಾನಯ್ಯನ ಮಗನೇ. ಪಂಚೆ ಮೇಲೆತ್ತಿ ಕಟ್ಟಿ, ಬಲಗಡೆಯ ಬಾಗಿಲು ತೆಗೆದು, ಸ್ಟೀರಿಂಗಿನ ಮುಂದೆ ಜಗ್ಗೆಂದು ಕೂತ. ಹನ್ನೊಂದು ವರ್ಷದಲ್ಲಿ ಮೊದಲ ಸಲ.

ಚಿಕ್ಕಸ್ವಾಮಿ: ಸರಿ ಬುಡು. ದಕ್ಷಿಣ ನಿಂದಾದ್ರೆ ಉತ್ತರ ನಂದು. ಈಗ ಸ್ಟೀರಿಂಗು ನಂದು, ಕೀಲಿ ಮೊದ್ಲೇ ನಂದು. ನಾನು ಓಯ್ತೀನಿ.

ಸಿದ್ದರಾಮು: ಓಗು. ಶೆಡ್ಡಿನಿಂದ ಆಚೆಗೆ ಬಂದು ನಾಗಮಂಗಲದ ಕಡೆ ತಿರುಗ್ಸು. ಮುಖ ಉತ್ತರಕ್ಕೆ ಬತ್ತದೆ. ಎಂಜಿನ್ನು ನಿಂದು, ಇಂದಿನ ಚಕ್ರ ನಂದು. ಚಕ್ರ ಬಿಚ್ಕೊತೀನಿ.

ಚಿಕ್ಕಸ್ವಾಮಿ: ನಾನ್ಯಾಕ್ಲಾ ನಾಗಮಂಗಲಕ್ಕೆ ಓಗ್ಲಿ? ಶ್ರೀರಂಗಪಟ್ಟಣಕ್ಕೆ ಓಯ್ತೀನಿ.

ಸಿದ್ದರಾಮು: ಆಗ ಮುಖ ದಕ್ಷಿಣಕ್ಕೆ. ಎಂಜಿನ್ನು ನಂದಾಯ್ತದೆ. ನೀನು ಇಂದ್ಗಡೆಯಿಂದ ತಳ್ಳು.

ಮಹದೇವಸ್ವಾಮಿ: ಅಣ್ಣಂದಿರಾ, ಸರ್ಕಲ್ ತಾವ ಒಂದು ಸುತ್ತು ಹಾಕಿದ್ರೆ ನಾಕು ಸತಿ ಕೈ ಬದಲಾಯ್ತದಲ್ಲ! ಸಬ್ ರಿಜಿಸ್ಟ್ರಾರ್‌ನ ಟಾಪ್ ಮೇಲೆ ಕುಂಡ್ರಿಸ್ಕಂಡೇ ಓಡಾಡ್ಬೇಕು ನೀವು. ನಾನು ಒಂದು ಏಳ್ಲಾ? ವ್ಯಾನು ತಿರುಗ್ಸಿ ಮೂಡಲಿಗೆ ನಿಲ್ಸ್ತೀನಿ. ಎಡಗಡೆ ಉತ್ತರ ಆಯ್ತದೆ. ಕುಯ್ದು ಬುಡ್ತೀನಿ.

ಸಿದ್ದರಾಮು: ಉತ್ತರಕ್ಕೆ ಬಚ್ಚಲು ಇರ್ಬೇಕು. ನಿನ್ನ ಶೆಡ್ಡಲ್ಲಿ ಬಚ್ಚಲದಾ?

ಮಹದೇವಸ್ವಾಮಿ: ಬಚ್ಚಲಿಲ್ಲ. ಒಂದು ಬಕೀಟು ಅದೆ.

ಸಿದ್ದರಾಮು: ಎಮ್ಮೆ ಗೂಟ?

ಮಹದೇವಸ್ವಾಮಿ: ನೀವಿಬ್ರೂ ಇದ್ದೀರಲ್ಲ, ಗೂಟ ಹೊಡೆಸ್ಬೇಕಷ್ಟೇ.

ಈ ಹೊತ್ತಿಗೆ ಸರಿಯಾಗಿ ಚಿಕ್ಕಸ್ವಾಮಿಯ ಜೇಬಿನಲ್ಲಿದ್ದ ಫೋನು ಹಾಡತೊಡಗಿತು. ಸ್ಟೀರಿಂಗಿನ ಹಿಂದೆ ಇಕ್ಕಟ್ಟಿನಲ್ಲಿ ಕೂತಿದ್ದ ಅವನು ಅದನ್ನು ಎಳೆದು ತೆಗೆಯುವ ಗಡಿಬಿಡಿಯಲ್ಲಿ ಎಲ್ಲೋ ಒತ್ತಿದ. ಫೋನು ಶೆಡ್ಡಿಗೆಲ್ಲ ಕೇಳುವಂತೆ ಮಾತಾಡಿತು.

ಫೋನು: ಸಾರ್, ರಘುನಂದನ್, ಫೋಟೋ ಸ್ಟುಡಿಯೋದಿಂದ. ಕಿಟಕಿ ರೆಡಿಯಾಯ್ತಾ? ಹಾರ್ಟ್ ಶೇಪ್ ನೀಟಾಗಿ ಬರ್ಲಿ ಸಾರ್. ಭಾನುವಾರ ತೊಣ್ಣೂರು ಕೆರೆ ಹತ್ರ ಪ್ರೀ ವೆಡ್ಡಿಂಗ್ ಶೂಟು. ಒಂದು ಹಾರ್ಟಲ್ಲಿ ಹುಡ್ಗಿ ಮುಖ, ಇನ್ನೊಂದ್ರಲ್ಲಿ ಹುಡ್ಗನ ಮುಖ. ಆಮೇಲೆ ಸಾರ್, ಆ ಬೆಣ್ಣೆ ಅನ್ನೋದು ಒಂಚೂರು ಉಳಿದ್ರೂ ಅಳಿಸ್ಬಿಡಿ, ಫ್ರೇಮಲ್ಲಿ ಚೆನ್ನಾಗ್ ಕಾಣಲ್ಲ.

ಚಿಕ್ಕಸ್ವಾಮಿ ಫೋನನ್ನು ಪಂಚೆಯೊಳಗೆ ತುರುಕಿದ. ಅದು ಅಲ್ಲಿಂದಲೂ 'ಸಾರ್, ಸಾರ್' ಎಂದಿತು.

ಸಿದ್ದರಾಮು: ಅರಳಿ ಎಲೆ!

ಚಿಕ್ಕಸ್ವಾಮಿ: ಲೇ, ಅದು...

ಸಿದ್ದರಾಮು: ಅವ್ವಂಗೆ ಭಕ್ತಿ! ಅವ್ವ ಒಂದು ತೂತಲ್ಲಿ ಮುಖ ಇಡ್ತಾಳೆ, ಇನ್ನೊಂದ್ರಲ್ಲಿ ಯಾರು, ನೀನು ಇಡ್ತೀಯಾ?

ಚಿಕ್ಕಸ್ವಾಮಿ: ಇವತ್ತು ಅವ್ವ ನೋಡ್ಕಳ್ಳಿ, ಭಾನುವಾರ ಅವ್ರು ನೋಡ್ಕಳ್ಳಿ. ಕಿಟಕಿ ಸವೆದೋಯ್ತದಾ? ನೀನೇನು ಸತ್ಯ ಅರಿಶ್ಚಂದ್ರನ ಮೊಮ್ಮಗ್ನಾ? ಅಪ್ಪನ ಹೆಸರು ಅಂತ ಎದೆ ಬಡ್ಕತಿದ್ದೆ, ನಿನ್ನ ಹೊಟ್ಟೇಲಿ ಏನದೆ ಏಳು.

ಮಹದೇವಸ್ವಾಮಿ: ಅದು ನಂಗೊತ್ತು. ಸಿದ್ದರಾಮಣ್ಣ ಹೋದ ವಾರ ಇಲ್ಲೇ ಬಂದಿದ್ರು. ಮೈಸೂರಲ್ಲಿ ಹಳೇ ಗಾಡಿಗಳ ಮೆರವಣಿಗೆ ಅಂತೆ. ಫ್ಯಾಕ್ಟರಿಯಿಂದ ಎಂಗೆ ಬಂತೋ ಅಂಗೇ ಇರೋ ಗಾಡಿಗೆ ಬಹುಮಾನದ ಕಪ್ಪು ಕೊಡ್ತಾರಂತೆ. ಒಂದು ತೂತು ಬಿದ್ರೂ ಇಲ್ಲವಂತೆ. ನಮ್ಮಣ್ಣ ತುಕ್ಕು ಉಜ್ಜಿಸೋಕೆ ಬಂದ್ರೆ ತುಕ್ಕೂ ಮುಟ್ಬೇಡ ಅಂತ ಕೈಮುಗಿದು ಒಂಟೋದ್ರು.

ಸಿದ್ದರಾಮು: ಅಪ್ಪನ ಹೆಸರು ಮೈಸೂರಲ್ಲಿ ಮೆರೀಲಿ ಅಂತ ಕಣಣ್ಣ.

ಚಿಕ್ಕಸ್ವಾಮಿ: ಕಪ್ಪು ಯಾರ ಮನೇಲಿ ಮಡಗ್ತೀಯ?

ಸಿದ್ದರಾಮು: ... ದಕ್ಷಿಣದ ಮನೇಲಿ.

ಮಹದೇವಸ್ವಾಮಿ: ಒಬ್ರು ಅವ್ವನ ಹೆಸರು ಏಳ್ಕಂಡು ಕುಯ್ಯಿ ಅಂತೀರ, ಒಬ್ರು ಅಪ್ಪನ ಹೆಸರು ಏಳ್ಕಂಡು ಬ್ಯಾಡ ಅಂತೀರ. ಅಲ್ಲ, ಆಯಮ್ಮನ್ನ ಯಾರಾದ್ರೂ ಒಂದು ಮಾತು ಕೇಳಿದ್ದೀರಾ, ಕಿಟಕಿ ಬೇಕಾ ಬ್ಯಾಡ್ವಾ ಅಂತ?

"ಕೇಳ್ನಿಲ್ಲ ಕಣಪ್ಪ."

ದನಿ ಬಂದದ್ದು ಬಾಗಿಲ ಕಡೆಯಿಂದ. ಆಟೋ ಇಳಿದು ಅಣ್ಣತಮ್ಮಂದಿರ ಅವ್ವ ದೊಡ್ಡತಾಯಮ್ಮ ನಿಂತಿದ್ದಳು. ಎಪ್ಪತ್ತೆಂಟು ವರ್ಷದ ಜೀವ, ಹಸಿರು ಅಂಚಿನ ಸೀರೆ, ಕಂಕುಳಲ್ಲಿ ಬಾಳೆಲೆ ಕಟ್ಟಿದ ಪುಟ್ಟ ಬೆಣ್ಣೆ ಮಡಕೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಮುಖ ನೋಡಿದರೆ ಅರಳಿ ಎಲೆಯಿಂದಲೇ ಕೇಳಿಸಿಕೊಂಡ ಹಾಗಿತ್ತು. ಚಿಕ್ಕಸ್ವಾಮಿಗೆ ಅರವತ್ತಕ್ಕೆ ಎರಡೇ ವರ್ಷ ಕಮ್ಮಿ, ಆದರೂ ಬೆಲ್ಲ ಕದ್ದು ಸಿಕ್ಕಿಬಿದ್ದ ಹುಡುಗನ ಹಾಗೆ ಸ್ಟೀರಿಂಗಿನಿಂದ ಕೆಳಗೆ ಇಳಿದ.

ಚಿಕ್ಕಸ್ವಾಮಿ: ಅವ್ವಾ, ನೀನ್ಯಾಕೆ ಬರಕೋದೆ? ಮಧ್ಯಾಹ್ನದೊಳಗೆ ಕಿಟಕಿ ಕುಯ್ಸಿ ನಾನೇ ಬತ್ತಿದ್ದೆ.

ದೊಡ್ಡತಾಯಮ್ಮ: ಎಂಟು ಗಂಟೆಗೆ ಅಂದೆ. ಜಗಲಿ ಮೇಲೆ ಕುಂತೂ ಕುಂತೂ ಜಗಲೀಗೇ ಬೇಜಾರಾಯ್ತು. ಅಲ್ಲಿ ಮಾಯಮ್ಮ ಬಾಗ್ಲು ನೋಡ್ಕಂಡು ಮನಗವ್ಳೆ.

ಸಿದ್ದರಾಮು: ಅವ್ವಾ, ನೀನೇ ನ್ಯಾಯ ಏಳು. ಕಿಟಕಿ ಉತ್ತರಕ್ಕೆ ಬೇಕಾ, ದಕ್ಷಿಣಕ್ಕೆ ಬೇಕಾ?

ದೊಡ್ಡತಾಯಮ್ಮ: ಬಸ್ಸಲ್ಲಿ ಓಗಿದ್ದೀನಿ, ನಿಂತ್ಕಂಡು, ಜನರ ಕಂಕುಳ ನೋಡ್ಕಂಡು. ಇದ್ರೊಳಗೆ ಓಗಿದ್ದೀನಿ, ಏನೂ ನೋಡ್ದೆ. ಸಕ್ರೆ ಕಾರ್ಖಾನೆ ಬಂತು ಅಂದ್ರೆ ಮಡ್ಡಿ ವಾಸ್ನೆ. ನಾಲೆ ಸೇತುವೆ ಬಂತು ಅಂದ್ರೆ ತಳ ಗುಂಯ್ ಅಂತಿತ್ತು. ಚಿನಕುರಳಿ ತಿರುವು ಬಂತು ಅಂದ್ರೆ ಮಡಕೆಗಳೆಲ್ಲ ನನ್ನ ಮೈಮೇಲೆ ವಾಲ್ತಿದ್ವು. ಮೂಗು, ಕಿವಿ, ಪಕ್ಕೆಲುಬು, ಮೂರ್ರಲ್ಲೂ ನಂಗೆ ಈ ದಾರಿ ಗೊತ್ತು. ಕಣ್ಣಲ್ಲೊಂದೇ ಗೊತ್ತಿಲ್ಲ. ನಿಮ್ಮಪ್ಪಂಗೆ ಬೆಣ್ಣೆ ಕರಗೋದು ಗೊತ್ತಾಗೋದು, ನಾನು ಕರಗಿದ್ದು ಗೊತ್ತಾಗ್ನಿಲ್ಲ.

ಮಹದೇವಸ್ವಾಮಿ ಮಿಷನ್ನನ್ನು ಮೆಲ್ಲಗೆ ನೆಲದ ಮೇಲೆ ಇಟ್ಟ. ಚಿಕ್ಕಸ್ವಾಮಿಗೆ ಈ ಮಾತನ್ನೆಲ್ಲ ತಾನೇ ಊರಿಗೆಲ್ಲ ಹೇಳುತ್ತಿದ್ದೆನಲ್ಲ ಎಂದು ನೆನಪಾಗಿ ಮುಖ ಎಲ್ಲಿಡುವುದೋ ತಿಳಿಯದಾಯಿತು.

ಚಿಕ್ಕಸ್ವಾಮಿ: ಅದ್ಕೇ ಕಣವ್ವ ಕಿಟಕಿ...

ದೊಡ್ಡತಾಯಮ್ಮ: ಕಿಟಕಿ, ಕಿಟಕಿ! ಲೇ, ಮುಂದಿನ ಸೀಟಿಗೆ ಕಿಟಕಿ ಇಲ್ವೇನ್ಲಾ? ಎಡಕ್ಕೊಂದದೆ, ಎದುರ್ಗೆ ಒಂದು ಗೋಡೆಯಷ್ಟು ಗಾಜೇ ಅದೆ. ಅರವತ್ತು ವರ್ಸದಿಂದ ಅದೆ. ಅದು ನಿಮ್ಮ ಕಣ್ಗೆ ಬೀಳ್ನಿಲ್ವಾ?

ಅಣ್ಣತಮ್ಮಂದಿರು ಇಬ್ಬರೂ ಒಟ್ಟಿಗೆ ವ್ಯಾನಿನ ಮುಂಭಾಗ ನೋಡಿದರು. ಇತ್ತು. ಗಾಜಿನ ಮೇಲೆ ಅಮಾವಾಸ್ಯೆಯ ಕುಂಕುಮವೂ ಇತ್ತು.

ಸಿದ್ದರಾಮು: ಅಲ್ಲವ್ವ, ಮುಂದ್ಗಡೆ... ಎಂಗಸ್ರು... ಯಾವತ್ತೂ ಕುಂತಿರ್ನಿಲ್ವಲ್ಲ, ಅದ್ಕೇ ನಮ್ಗೆ...

ದೊಡ್ಡತಾಯಮ್ಮ: ನಿಮ್ಮಪ್ಪನ ಪಕ್ಕದ ಸೀಟಲ್ಲಿ ಯಾರು ಕುಂತಿದ್ರು ಗೊತ್ತಾ? ತಕ್ಕಡಿ. ಮದುವೆ ದಿನಾನೂ ತಕ್ಕಡಿನೇ. ಇಂದೆ ಮಡಗಿದ್ರೆ ಎತ್ತಾಕಿ ಮುಳ್ಳು ಡೊಂಕಾಯ್ತದೆ ಅಂತ ಅದು ಮುಂದೆ, ನಾನು ಇಂದೆ. ಎಲ್ಲಿ, ಆ ಪತ್ರ ಓದು. ಮುಂದಿನ ಸೀಟು ಯಾರ್ಗೆ ಬರ್ದವ್ರೆ?

ಸಿದ್ದರಾಮು ಕನ್ನಡಕ ಇಳಿಸಿ, ಏರಿಸಿ, ಹಾಳೆ ತಿರುಗಿಸಿ, ಹಿಂಬದಿಯ ಛಾಪಾ ಮುದ್ರೆಯನ್ನೂ ನೋಡಿದ.

ಸಿದ್ದರಾಮು: ಸೀಟಿನ ಮಾತೇ ಇಲ್ಲ ಕಣವ್ವ.

ದೊಡ್ಡತಾಯಮ್ಮ: ಅಂಗಾರೆ ಯಾರ್ಗೂ ಬರೀದೆ ಇರೋದು ನಂದು. ಸಿದ್ರಾಮ, ಸ್ಟೀರಿಂಗಿಗೆ ಕುಂತ್ಕ. ಕೀಲಿ ಕೊಡ್ಲಾ ಅವ್ನಿಗೆ.

ಚಿಕ್ಕಸ್ವಾಮಿ: ನಾನು?

ಮುಂದೆ ಎರಡೇ ಸೀಟು. ತಮ್ಮನೊಬ್ಬನ ಕೈಗೆ ವ್ಯಾನು ಕೊಟ್ಟರೆ ಅವ್ವನನ್ನು ಹೊಸಹೊಳಲಲ್ಲಿ ಇಳಿಸಿ ನೆಟ್ಟಗೆ ಮೈಸೂರಿಗೇ 'ಕಪ್ಪು' ತರಲು ಓಡಿಸಿಬಿಟ್ಟಾನು ಎಂಬ ಗುಮಾನಿ ಚಿಕ್ಕಸ್ವಾಮಿಗೆ. ಅವನು ಕೀಲಿಕೈಯನ್ನು ಎರಡು ಬೆರಳಲ್ಲಿ ಹಿಡಿದು ನಿಂತೇ ಇದ್ದ. ದೊಡ್ಡತಾಯಮ್ಮ ಬೆಣ್ಣೆ ಮಡಕೆಯನ್ನು ಅವನ ಇನ್ನೊಂದು ಕೈಗೆ ಇಟ್ಟಳು.

ದೊಡ್ಡತಾಯಮ್ಮ: ಇದು ಮಾಯಮ್ಮಂಗೆ. ಇಂದ್ಗಡೆ ಕುಂತ್ಕಂಡು ಇದ್ನ ಇಡ್ಕಳಕೆ ಒಬ್ರು ಬೇಕು. ಓಗು, ಇಂದಕ್ಕೆ ಅತ್ತು.

ಚಿಕ್ಕಸ್ವಾಮಿ: ಅವ್ವಾ, ನಂಗೆ ಮೊಣಕಾಲು ನೋವು, ಉಸಿರು ಕಟ್ತದೆ...

ದೊಡ್ಡತಾಯಮ್ಮ: ನಾನು ನಿನ್ನನ್ನ ಹೊಟ್ಟೇಲಿ ಇಟ್ಕಂಡು ಅಲ್ಲೇ ಕುಂತಿದ್ದೆ ಕಣ್ಲಾ, ಒಂಬತ್ತು ತಿಂಗಳು. ನೀನು ಒಂದು ಗಂಟೆ ಕುಂತ್ಕ.

ಇದಕ್ಕೆ ಪಾಲುಪಟ್ಟಿಯಲ್ಲಿ ಉತ್ತರ ಇರಲಿಲ್ಲ. ಚಿಕ್ಕಸ್ವಾಮಿ ಕೀಲಿ ಕೊಟ್ಟ. ಮಹದೇವಸ್ವಾಮಿ ಅವನ ಸೊಂಟಕ್ಕೆ ಕೈಕೊಟ್ಟು ಹಿಂದೆ ಹತ್ತಿಸಿ, ಎರಡೂ ಬಾಗಿಲು ಮುಚ್ಚಿ, ಹೊರಗಿನಿಂದ ಚಿಲಕ ಹಾಕಿದ. 'ಭಾನುವಾರದ ಹಾರ್ಟು ಏನಾಯ್ತಣ್ಣ?' ಎಂದು ತಗಡು ತಟ್ಟಿ ಕೇಳಿದ. ಚಿಕ್ಕಸ್ವಾಮಿ ಕೇಳಿಸದವನಂತೆ ಮಡಕೆ ತಬ್ಬಿ ಕೂತ.

ಎಂಜಿನ್ನು ಗುಡುಗಿತು. ಕತ್ತಲೆ ಅಂದರೆ ಅಂಥ ಕತ್ತಲೆ, ಕಣ್ಣು ಮುಚ್ಚಿದರೂ ತೆರೆದರೂ ಒಂದೇ. ತಗಡು ಆಗಲೇ ಬಿಸಿಯೇರಿತ್ತು. ಮೂರು ದಶಕದ ಹಳೇ ಬೆಣ್ಣೆಯ ಕಮಟು ವಾಸನೆ ಮೂಲೆಮೂಲೆಯಿಂದ ಎದ್ದು ಬಂತು. ವ್ಯಾನು ಎತ್ತ ತಿರುಗಿತೋ, ಉತ್ತರವೋ ದಕ್ಷಿಣವೋ, ತಾನು ಕೂತಿರುವುದು ತನ್ನ ಭಾಗದಲ್ಲೋ ತಮ್ಮನ ಭಾಗದಲ್ಲೋ, ದೇವರಾಣೆ ಚಿಕ್ಕಸ್ವಾಮಿಗೆ ಗೊತ್ತಾಗಲಿಲ್ಲ. ಮುಂದಿನಿಂದ, ಹಲಗೆಯ ಗೋಡೆಯಾಚೆಯಿಂದ, ಅವ್ವನ ದನಿ ಕೇಳುತ್ತಿತ್ತು.

ದೊಡ್ಡತಾಯಮ್ಮ: ಅಯ್ಯೋ, ಕಾರ್ಖಾನೆ ಚಿಮಣಿ ಇಷ್ಟೆತ್ತರ ಅದ್ಯಾ! ಸಿದ್ರಾಮ, ಅದೇನ್ಲಾ ಸಾಲಾಗಿ?

ಸಿದ್ದರಾಮು: ಕಬ್ಬಿನ ಲಾರಿ ಕಣವ್ವ.

ದೊಡ್ಡತಾಯಮ್ಮ: ಎಷ್ಟೊಂದು! ಒಸಿ ಮೆಲ್ಲುಕೋಗ್ಲಾ, ನೋಡ್ತೀನಿ.

ಮಡ್ಡಿಯ ವಾಸನೆ ಚಿಕ್ಕಸ್ವಾಮಿಯ ಮೂಗಿಗೆ ಬಂತು. ಸ್ವಲ್ಪ ಹೊತ್ತಿಗೆ ತಳ ಗುಂಯ್ ಎಂದಿತು. ನಾಲೆ ಎಂದು ಅವನಿಗೆ ತಾನಾಗಿ ಗೊತ್ತಾಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಬಂದ ತಿರುವಿನಲ್ಲಿ ಅವನು ಮಡಕೆಯ ಸಮೇತ ಈ ಪಕ್ಕದ ತಗಡಿಗೆ ಹೋಗಿ ಬಡಿದ, ಮರುಕ್ಷಣ ಆ ಪಕ್ಕದ ತಗಡಿಗೆ. ಬೆವರು ಕಣ್ಣಿಗೆ ಇಳಿಯಿತು. ಅಪ್ಪ ಯಾಕೆ ಒಂದು ದಿನವಾದರೂ ಇಲ್ಲಿ ಕೂತು ನೋಡಲಿಲ್ಲ? ತಾನಾದರೂ ಯಾಕೆ ನೋಡಲಿಲ್ಲ? ಅವನು ಮುಷ್ಟಿ ಕಟ್ಟಿ ಹಲಗೆಯ ಗೋಡೆ ಗುದ್ದಿದ.

ಚಿಕ್ಕಸ್ವಾಮಿ: ಲೇ ಸಿದ್ರಾಮಾ! ಮಹದೇವಸ್ವಾಮಿಗೆ ಫೋನ್ ಮಾಡ್ಲಾ! ಸಾಯಂಕಾಲ ಬಂದೇಟ್ಗೇ ಕಿಟಕಿ ಕುಯ್ಸ್ಬುಡು!

ಸಿದ್ದರಾಮು: ಯಾರ ಭಾಗ್ದಲ್ಲಿ ಅಣ್ಣಾ?

ಚಿಕ್ಕಸ್ವಾಮಿ: ನಿನ್ನ ಭಾಗ್ದಲ್ಲಿ, ನನ್ನ ಭಾಗ್ದಲ್ಲಿ, ಎಮ್ಮೆ ಗೂಟದ ಭಾಗ್ದಲ್ಲಿ! ಎಲ್ಲಾದ್ರೂ ಕುಯ್ಸು! ಚೌಕ ಕುಯ್ಸು!

ಮುಂದುಗಡೆ ಗಾಜು ಕೆಳಗಿಳಿದ ಶಬ್ದ. ಗಾಳಿ ಒಳಗೆ ನುಗ್ಗಿದ ಶಬ್ದ. ಆಮೇಲೆ ಅವ್ವನ ದನಿ, ರಸ್ತೆಯಿಂದ ಕಣ್ಣು ಕೀಳದೆ ಹೇಳಿದ ಹಾಗೆ, ನಿಧಾನವಾಗಿ ಬಂತು.

ದೊಡ್ಡತಾಯಮ್ಮ: ಕಿಟಕಿ ಬ್ಯಾಡ ಕಣ್ ಮಗಾ. ಬೆಣ್ಣೆ ಕರಗ್ತದೆ.